ಜೂನ್ 1ಕ್ಕೆ ಹುಟ್ಟಿದವರು ಇಲ್ಲಿ ಎಷ್ಟು ಜನ ಇದ್ದೀರಿ?

ಭಟ್ಟಿ_ಹುಡುಗ

ಮೊನ್ನೆ ಆಫೀಸಿನಲ್ಲಿ ಕೇಕ್ ತರಿಸಿದ್ದರು. ಜೂನ್ 1. ಕೇಕ್ ಮೇಲೆ ಮೂರು ಹೆಸರು. ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬ ಚಾಮರಾಜನಗರದವನು, ಮೂರನೆಯವನು ನಾನು, ದಾವಣಗೆರೆ. ಮೂವರೂ ಮುಖ ಮುಖ ನೋಡಿಕೊಂಡು ನಕ್ಕೆವು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನಮ್ಮ ಮ್ಯಾನೇಜರಿಗೆ ಯಾಕೆ ನಗು ಅಂತ ಗೊತ್ತಾಗಲಿಲ್ಲ. "ಮೂರೂ ಜನ ಒಂದೇ ದಿನ ಹುಟ್ಟಿದ್ದೀರಲ್ಲ, ಆಶ್ಚರ್ಯ" ಅಂದರು.

ನಾನು ವಿವರಿಸಿದೆ. ನಾನು ಹುಟ್ಟಿದ್ದು ಮನೆಯಲ್ಲೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಾರೀಖು ಕೇಳಿದರು. ಅವ್ವ "ದುಗ್ಗಮ್ಮನ ಹಬ್ಬ ಆಗಿ ಹದಿನೈದಿಪ್ಪತ್ತು ದಿನಕ್ಕೆ ಹುಟ್ಟಿದ್ದು ಸಾರ್" ಅಂದಳು. ದಾವಣಗೆರೆಯವರಿಗೆ ಗೊತ್ತು, ದುಗ್ಗಮ್ಮನ ಹಬ್ಬ ಎರಡು ವರ್ಷಕ್ಕೊಮ್ಮೆ. ಯಾವ ಹಬ್ಬ ಅಂತ ಮೇಷ್ಟ್ರು ಕೇಳಿದಾಗ ಅವ್ವ ನನ್ನ ಮುಖ ನೋಡಿದಳು, ನನಗೇನಾದರೂ ನೆನಪಿರಬಹುದೇನೋ ಅನ್ನುವ ಹಾಗೆ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು. ನನಗೆ ಮುಟ್ಟಲಿಲ್ಲ. ಅಳು ಬಂತು. ಅವ್ವ ಹಿಂದಿನಿಂದ ಮೆಲ್ಲಗೆ ನನ್ನ ಮೊಣಕೈ ಒತ್ತಿದಳು, ಬೆರಳು ಕಿವಿಗೆ ತಾಗಿತು. ಮೇಷ್ಟ್ರು ನೋಡಿಯೂ ನೋಡದ ಹಾಗೆ 1-6-1983 ಅಂತ ಬರೆದರು. ಅಕ್ಕ 1-6-1981. ತಮ್ಮ 1-6-1985. ಅಪ್ಪ ಅವ್ವ ಅಷ್ಟು ಲೆಕ್ಕ ಹಾಕಿ ಹೆತ್ತಿದ್ದಾರೆ ಅಂತ ಸರ್ಕಾರ ನಂಬಿಕೊಂಡಿದೆ.

ಎಲ್ಲರೂ ನಕ್ಕರು. ಚೆನ್ನಾಗಿ ಹೇಳಿದೆ ಅಂತ ನನಗೂ ಖುಷಿ. ರಾತ್ರಿ ಅಕ್ಕನಿಗೆ ಫೋನ್ ಮಾಡಿ ಇದನ್ನೇ ಹೇಳಿದರೆ ಆಕೆ "ಲೇ, ಕಿವಿ ಮುಟ್ಟದೇ ಇದ್ದದ್ದು ನನಗೆ. ಅವ್ವ ಮೊಣಕೈ ಒತ್ತಿದ್ದೂ ನನ್ನದೇ. ನೀನು ಆಗ ಅವ್ವನ ಸೊಂಟದ ಮೇಲಿದ್ದೆ" ಅಂದಳು.

ಆವತ್ತಿನಿಂದ ತಲೆ ಕೆಟ್ಟಿದೆ. ಮೂವತ್ತು ಮೂವತ್ತೈದು ವರ್ಷದಿಂದ ಅದು ನನ್ನದು ಅಂದುಕೊಂಡಿದ್ದೆ. ಆ ಮೊಣಕೈ ಒತ್ತಿದ್ದು ಈಗಲೂ ನನಗೆ ಚರ್ಮದ ಮೇಲೆ ಗೊತ್ತಾಗುತ್ತದೆ. ಫೋಟೋ ಇಲ್ಲ. ಮಂಡಕ್ಕಿ ಭಟ್ಟಿ ಹತ್ತಿರ ಒಂದು ಕೋಣೆ ಮನೆ, ಐದು ಜನ. ಅವ್ವ ಕಣದಲ್ಲಿ ಬೇಯಿಸಿದ ಭತ್ತ ಹರವಿ, ಬಿಸಿಲಲ್ಲಿ ಕಾಲಿನಿಂದ ಎಳೆದೆಳೆದು ಒಣಗಿಸುವ ಕೆಲಸ ಮಾಡುತ್ತಿದ್ದಳು. ಭಟ್ಟಿಯಲ್ಲಿ ಹಳೇ ಟೈರ್ ಸುಡುತ್ತಿದ್ದ ಕಾಲ ಅದು, ಒಗೆದ ಬಟ್ಟೆ ತಂತಿ ಮೇಲೆ ಒಣಗುವಷ್ಟರಲ್ಲಿ ಮಸಿ. ಇಷ್ಟು ಖಂಡಿತ ನಂದೇ. ಉಳಿದದ್ದು? ತಾರೀಖು ಮೇಷ್ಟ್ರು ಬರೆದದ್ದು, ನೆನಪು ಅಕ್ಕನದ್ದು. ಜಿಲ್ಲೆ ಕೂಡ ಬೇರೆಯಾಯಿತು. ನಾನು ಹುಟ್ಟಿದಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ಬೇರೆ ಜಿಲ್ಲೆ ಆಯಿತು. ಒಂದೊಂದು ಅರ್ಜಿಯಲ್ಲಿ ಒಂದೊಂದು ಜಿಲ್ಲೆ ಬರೆದಿದ್ದೀನಿ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ?

ಬೆಣ್ಣೆ_ಖಾಲಿ

ಜೂನ್ 1, ಹಾಜರ್ ಸಾರ್. ಆವತ್ತು ಬೆಳಿಗ್ಗೆ ಬ್ಯಾಂಕಿನಿಂದ ನನಗೆ, ನನ್ನ ಹೆಂಡತಿಗೆ, ಭಾವನಿಗೆ ಒಂದೇ ನಿಮಿಷದಲ್ಲಿ ಶುಭಾಶಯದ ಮೆಸೇಜ್ ಬಂತು. ಮೂರು ಜನಕ್ಕೂ ಸೇರಿ ಒಂದೇ ಬೆಣ್ಣೆದೋಸೆ ತಿಂದು ಮುಗಿಸಿದೆವು.

ಹಿರಿಯೂರು_ಕಡೆಯವ

ನಮ್ಮ ಮನೆಯಲ್ಲಿ ಹುಟ್ಟಿದ ವರ್ಷ ಸರಿಯಾಗಿ ಗೊತ್ತಿದ್ದದ್ದು ಅಜ್ಜಿಗೆ ಒಬ್ಬಳಿಗೇ. "ಮಾರಿಕಣಿವೆ ಕೋಡಿ ಬಿದ್ದ ವರ್ಷ ನಾನು ಹುಟ್ಟಿದ್ದು" ಅನ್ನುತ್ತಿದ್ದಳು. ಅಂದರೆ 1933. ಆ ಡ್ಯಾಮ್ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಹಾಗಾಗಿ ತಪ್ಪಾಗಲು ಸಾಧ್ಯವೇ ಇಲ್ಲ. ಓದು ಬರಹ ಇಲ್ಲದವಳು. ಆದರೆ ಆಧಾರ್ ಕಾರ್ಡಿನಲ್ಲಿ 1940 ಅಂತ ಹಾಕಿದ್ದರು. ಅಜ್ಜಿ ಹೇಳಿದ್ದನ್ನು ಯಾರೂ ಕೇಳಲಿಲ್ಲ, ನಾವೂ ಸೇರಿ.

ನಿವೃತ್ತ_ಗುಮಾಸ್ತ

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಹುಟ್ಟಿದ 21 ದಿನದೊಳಗೆ ತಿಳಿಸಬೇಕು ಅಂತ ನಿಯಮ. ಆದರೆ ಮನೆಯಲ್ಲೇ ಹೆರಿಗೆ ಆದ ಹೆಂಗಸು ಬಾಣಂತನದ ನಡುವೆ ಎದ್ದು ಹೋಗಿ ಬರೆಸುತ್ತಾಳೆಯೇ? ಗಂಡನಿಗೆ ಕೂಲಿ ಬಿಟ್ಟು ಹೋಗಲಾಗುವುದಿಲ್ಲ. ಹಾಗಾಗಿ ಶಾಲೆಯ ದಾಖಲಾತಿ ಪುಸ್ತಕವೇ ಜನನ ಪತ್ರ ಆಯಿತು, ಅದೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಆಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ. ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ 1974ರ ಕಾಯ್ದೆ ಇದೆ. ತಿದ್ದುಪಡಿ ಕೇಳುವುದಿದ್ದರೆ ಸೇರಿದ ಮೂರು ವರ್ಷದೊಳಗೆ ಕೇಳಬೇಕು. ಆ ಮೂರು ವರ್ಷ ಕೆಲಸ ಸಿಕ್ಕ ಸಂತೋಷದಲ್ಲೇ ಕಳೆದುಹೋಗುತ್ತದೆ.

ಇನ್ನೊಂದು ತಮಾಷೆ. ತಿಂಗಳ ಮೊದಲ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31 ಅಂದರೆ ನಮ್ಮ ಕಚೇರಿಯಲ್ಲಿ ಹಾರ ತುರಾಯಿ ಸುಗ್ಗಿ. ನಾನು ನಿವೃತ್ತನಾದ ದಿನ ನಮ್ಮ ಕಚೇರಿಯಲ್ಲೇ ಐದು ಜನ. ಹಾರ ಸಾಲದೆ ಒಂದನ್ನೇ ತೆಗೆದು ತೆಗೆದು ಹಾಕಿದರು.

ಕೋಟೆ_ಕೆಳಗಿನವಳು

ಎಲ್ಲರೂ ನಗುತ್ತಿದ್ದೀರಿ, ನಗಿ. ನನ್ನದೂ ಬರೆಯುತ್ತೀನಿ.

ಚಿತ್ರದುರ್ಗ, ಕೋಟೆ ಕೆಳಗೆ ಮನೆ. ಸೀತಾಫಲದ ಕಾಲದಲ್ಲಿ ಅಮ್ಮ ಬುಟ್ಟಿ ಹೊತ್ತು ರಸ್ತೆ ಬದಿ ಕೂರುತ್ತಿದ್ದಳು. ಉಳಿದ ದಿನ ಕಲ್ಲಿನ ಕೆಲಸ. ನನಗಿಂತ ದೊಡ್ಡವನು ಅಣ್ಣ. ಅವನು ಒಬ್ಬನೇ ಶಾಲೆಗೆ ಹೋಗಲು ಹೆದರುತ್ತಿದ್ದ ಅಂತ ನನ್ನನ್ನೂ ಅವನ ಜೊತೆಗೇ ಒಂದನೇ ಕ್ಲಾಸಿಗೆ ಸೇರಿಸಿದರು. ಆಗ ಐದು ವರ್ಷ ಹತ್ತು ತಿಂಗಳು ತುಂಬಿರಬೇಕಿತ್ತು. ನನಗೆ ನಾಲ್ಕೂವರೆಯೂ ಆಗಿರಲಿಲ್ಲ. ಮೇಷ್ಟ್ರು ಒಂದೂವರೆ ವರ್ಷ ಸೇರಿಸಿ ಬರೆದರು. ಇಬ್ಬರಿಗೂ ಒಂದೇ ತಾರೀಖು, ಅವಳಿ ಜವಳಿ ಆಗಿಬಿಟ್ಟೆವು.

ಹತ್ತನೇ ಕ್ಲಾಸ್ ಪಾಸಾಗಿ ಪಿಯುಸಿ ಸೇರಿದೆ. ದಾಖಲೆಯಲ್ಲಿ ಹದಿನೆಂಟು ತುಂಬಿದ ತಿಂಗಳಲ್ಲೇ ಮದುವೆ ಮಾಡಿದರು. ನಿಜವಾಗಿ ನನಗೆ ಆಗ ಹದಿನಾರೂವರೆ. ಯಾರೋ ಬಂದು ವಿಚಾರಿಸಿದರು, ನಮ್ಮ ಮಾವ ಅಂಕಪಟ್ಟಿ ತೋರಿಸಿದರು, ಅವರು ಟೀ ಕುಡಿದು ಹೋದರು. ಕಾನೂನಿನ ಪ್ರಕಾರ ಒಂದು ಕೂದಲೂ ಕೊಂಕಿರಲಿಲ್ಲ. ಆ ಒಂದೂವರೆ ವರ್ಷ ಎಲ್ಲಿ ಹೋಯಿತು ಅಂತ ಈಗಲೂ ಕೆಲವೊಮ್ಮೆ ಪಾತ್ರೆ ತೊಳೆಯುತ್ತಾ ಯೋಚಿಸುತ್ತೀನಿ. ಅಣ್ಣ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ, ಅದು ಬೇರೆ ಮಾತು.

ಇನ್ನೂ ಒಂದಿದೆ. ನನಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು ಸಾಕಮ್ಮ. ನಾಲ್ಕನೇ ಹೆಣ್ಣು ನಾನು. ಹೆಣ್ಣು ಸಾಕು ಅಂತ ಇಟ್ಟ ಹೆಸರು. ಮೇಷ್ಟ್ರು ಬರೆಯುವಾಗ ಚಂದದ ಬೇರೆ ಹೆಸರು ಬರೆದರು. ಅದಕ್ಕೆ ಮಾತ್ರ ಅವರಿಗೆ ಕೈ ಮುಗಿಯಬೇಕು. ಆದರೆ ಹಾಜರಿ ಕೂಗಿದಾಗ ಒಂದು ತಿಂಗಳು ನನಗೆ ಅದು ನನ್ನ ಹೆಸರು ಅಂತಲೇ ಗೊತ್ತಾಗುತ್ತಿರಲಿಲ್ಲ. ಪಕ್ಕದವಳು ಚಿವುಟುತ್ತಿದ್ದಳು.

ಬೆಣ್ಣೆ_ಖಾಲಿ

ಅಕ್ಕಾ ಕ್ಷಮಿಸಿ, ಸುಮ್ನೆ ತಮಾಷೆಗೆ ಬರೆದಿದ್ದೆ.

ಕೋಟೆ_ಕೆಳಗಿನವಳು

ಅಯ್ಯೋ ಬಿಡಪ್ಪ, ನಗೋದಕ್ಕೇನು ತೊಂದರೆ. ಆ ಹಾರದ ಕಥೆಗೆ ನಾನೂ ನಕ್ಕೆ.

ಮಿಲ್_ಕ್ವಾರ್ಟರ್ಸ್

ಅಪ್ಪ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ನನಗೆ ತಾರೀಖು ಗೊತ್ತಿಲ್ಲ, ಆದರೆ ಗಂಟೆ ಗೊತ್ತು. ಮೊದಲ ಪಾಳಿಯ ಸೈರನ್ ಆಗುವಾಗ ಹುಟ್ಟಿದ್ದು ಅಂತ ಅಮ್ಮ ಹೇಳುತ್ತಾಳೆ. ಅಪ್ಪ ನನ್ನ ಮುಖ ನೋಡಿ ಹೋಗಬೇಕೋ, ಪಾಳಿಗೆ ಓಡಬೇಕೋ ಅಂತ ಬಾಗಿಲಲ್ಲಿ ನಿಂತಿದ್ದರಂತೆ. ಓಡಿದರು.

ಆಮೇಲೆ ಮಿಲ್ ಮುಚ್ಚಿತು. ಸೈರನ್ ನಿಂತಿತು. ಮೊದಲ ಕೆಲವು ತಿಂಗಳು ಅಪ್ಪ ಸೈರನ್ ಇಲ್ಲದೆಯೂ ಅದೇ ಹೊತ್ತಿಗೆ ಎದ್ದು, ಮುಖ ತೊಳೆದು, ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಿದ್ದರು. ಶನಿವಾರ ಬಟವಾಡೆ ಇದ್ದಾಗ ತರುತ್ತಿದ್ದ ಕಾರಮಂಡಕ್ಕಿ ಮಿರ್ಚಿ ಪೊಟ್ಟಣ ನಿಂತಿತು. ನಾನು ಬಡವ ಅಂತ ನನಗೆ ಗೊತ್ತಾದದ್ದು ಆ ಪೊಟ್ಟಣ ನಿಂತಾಗ. ಅದಕ್ಕೆ ಮೊದಲೂ ಬಡವರೇ, ಆದರೆ ಓಣಿಯಲ್ಲಿ ಎಲ್ಲರೂ ಹಾಗೇ ಇದ್ದುದರಿಂದ ತಿಳಿದಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಆಗ ಬಡತನ ಇದ್ದರೂ ನೆಮ್ಮದಿ ಇತ್ತು. ಒಬ್ಬರ ಮನೆ ಸಾರು ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಈಗಿನ ಮಕ್ಕಳಿಗೆ ಎಲ್ಲ ಇದೆ, ಅದೊಂದೇ ಇಲ್ಲ.

ಕೋಟೆ_ಕೆಳಗಿನವಳು

ಅಣ್ಣಾ, ನೆಮ್ಮದಿ ಯಾರಿಗಿತ್ತು? ನಿಮಗಿತ್ತು, ಮಗು ಆಗಿದ್ದಿರಿ. ಸಾರು ಪಕ್ಕದ ಮನೆಗೆ ಯಾಕೆ ಹೋಗುತ್ತಿತ್ತು ಗೊತ್ತಾ? ನಾಳೆ ನಮ್ಮಲ್ಲಿ ಬೇಳೆ ಇಲ್ಲದಿದ್ದಾಗ ಅವರ ಮನೆಯಿಂದ ಬರಲಿ ಅಂತ. ನಿಮ್ಮಮ್ಮನನ್ನು ಒಂದು ಸಲ ಕೂರಿಸಿಕೊಂಡು ಕೇಳಿ, ನೆಮ್ಮದಿ ಇತ್ತಾ ಅಂತ. ಕೋಪಕ್ಕೆ ಹೇಳುತ್ತಿಲ್ಲ.

ಮಿಲ್_ಕ್ವಾರ್ಟರ್ಸ್

ಕೇಳಿದೆ. ಈಗಷ್ಟೇ ಫೋನ್ ಇಟ್ಟೆ. "ನೆಮ್ಮದಿನಾ? ನಿನ್ನ ಜ್ವರಕ್ಕೆ ಓಲೆ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ ಕಣೋ" ಅಂದಳು. ಯಾವ ಜ್ವರ ಅಂತ ನನಗೆ ನೆನಪೇ ಇಲ್ಲ. ಓಲೆ ಇದ್ದದ್ದೂ ಗೊತ್ತಿಲ್ಲ. ನಾನು ಕಂಡ ಹಾಗೆ ಅಮ್ಮನ ಕಿವಿಯಲ್ಲಿ ಯಾವಾಗಲೂ ಬೇವಿನ ಕಡ್ಡಿ.

ಪಾಠದ_ಮೇಡಂ

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತೀನಿ. ಭಟ್ಟಿ_ಹುಡುಗ ಅವರ ಮೊದಲ ಪ್ರಶ್ನೆಗೆ ಬರುತ್ತೀನಿ, ಅದು ಎಲ್ಲೋ ಕಳೆದುಹೋಯಿತು.

ಅಕ್ಕನ ನೆನಪು ತಮ್ಮನದಾಗುವುದು ಅಪರೂಪ ಅಲ್ಲ. ಅಕ್ಕ ತಂಗಿ ಅಣ್ಣ ತಮ್ಮಂದಿರು ಒಂದೇ ಘಟನೆಯನ್ನು "ಅದು ನನಗೆ ಆದದ್ದು" ಅಂತ ಜಗಳ ಆಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ, ಅವಳಿಗಳಲ್ಲಿ ಇದು ಇನ್ನೂ ಜಾಸ್ತಿ. ನೆನಪು ಕಪಾಟಿನಲ್ಲಿಟ್ಟ ಬಟ್ಟೆ ಅಲ್ಲ. ಪ್ರತಿ ಸಲ ಹೇಳುವಾಗ ಹೊಸದಾಗಿ ಹೊಲಿಯುತ್ತೀವಿ. ಒಂದು ಕೋಣೆಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಒಬ್ಬರಿಗೆ ಆದದ್ದು ಐವರ ಕಿವಿಗೂ ಬೀಳುತ್ತದೆ, ನೂರು ಸಲ ಬೀಳುತ್ತದೆ. ಯಾರದ್ದು ಅನ್ನುವ ಗುರುತು ಅಳಿಸಿಹೋಗುತ್ತದೆ.

ಇನ್ನೊಂದು ವಿಷಯ. ದೊಡ್ಡವರನ್ನು ನಿಮ್ಮ ಮೊಟ್ಟಮೊದಲ ನೆನಪು ಯಾವುದು ಅಂತ ಕೇಳಿದರೆ ಸಾಮಾನ್ಯವಾಗಿ ಮೂರು ಮೂರೂವರೆ ವರ್ಷದ್ದು ಹೇಳುತ್ತಾರೆ. ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ ಅದು ಸುಮಾರು ಎರಡೂಮುಕ್ಕಾಲು ವರ್ಷಕ್ಕೇ ಹೋಗುತ್ತದೆ ಅಂತ 2000ದಲ್ಲಿ ಬಂದ ಒಂದು ಅಧ್ಯಯನ ಹೇಳುತ್ತದೆ. ಹಳೆಯದನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ರೂಢಿಯೇ ಇದಕ್ಕೆ ಕಾರಣ ಇರಬಹುದು ಅಂತಾರೆ. ಮಕ್ಕಳ ಜೊತೆ ಕೂತು "ಆವತ್ತು ಏನಾಯಿತು, ಆಮೇಲೆ ಯಾರು ಬಂದರು" ಅಂತ ವಿವರವಾಗಿ ಮಾತಾಡುವ ತಾಯಂದಿರ ಮಕ್ಕಳಿಗೆ ನೆನಪು ಜಾಸ್ತಿ ಉಳಿಯುತ್ತದೆ. ದಿನಕ್ಕೆ ಹತ್ತು ತಾಸು ಕೂಲಿ ಮಾಡುವ ತಾಯಿಗೆ ಅದಕ್ಕೆ ಸಮಯ ಎಲ್ಲಿ? ಬಡತನ ಊಟ ಬಟ್ಟೆಯನ್ನಷ್ಟೇ ಅಲ್ಲ, ಹಾಗೆ ಕೂತು ಮಾತಾಡುವ ಹೊತ್ತನ್ನೂ ಕಿತ್ತುಕೊಳ್ಳುತ್ತದೆ.

ಚಳ್ಳಕೆರೆ_ಶೇಂಗಾ

ಮೇಡಂ, ಕೊನೆಯ ಮಾತು ನನಗೆ ಒಪ್ಪಿಗೆ ಇಲ್ಲ. ನಿಮಗೆ ಬೇಸರ ಆಗಬಾರದು.

ನಾವು ಮನೆಗೆ ಶೇಂಗಾ ತಂದು ಸುಲಿಯುತ್ತಿದ್ದೆವು. ಚಳ್ಳಕೆರೆ ಕಡೆ ಎಣ್ಣೆ ಮಿಲ್ಲು ಜಾಸ್ತಿ, ಆದರೆ ಬಿತ್ತನೆಗೆ ಬೇಕಾದ ಬೀಜ ಕೈಯಲ್ಲೇ ಸುಲಿಯಬೇಕು, ಸಿಪ್ಪೆ ಗಾಯ ಆಗಬಾರದು. ಸೇರಿಗೆ ಇಷ್ಟು ಅಂತ ಕೂಲಿ. ಮೂಟೆ ಮನೆಗೆ ಬಂದರೆ ಅಜ್ಜಿ, ಅಮ್ಮ, ನಾವು ನಾಲ್ಕು ಮಕ್ಕಳು ಬುಡ್ಡಿ ದೀಪದ ಸುತ್ತ. ಉಗುರು ಕಿತ್ತು ಬರುತ್ತಿತ್ತು. ತೂಕ ಮಾಡಿ ಕೊಟ್ಟ ಮಾಲು, ತಿಂದರೆ ಕಡಿಮೆ ಬರುತ್ತದೆ, ಕೂಲಿ ಮುರಿಯುತ್ತಾರೆ. ಅದಕ್ಕೆ ಅಜ್ಜಿ ಒಂದು ಉಪಾಯ ಮಾಡಿದ್ದಳು. ಕಥೆ ಹೇಳುವುದು. ನಾವು ಸಾಲಾಗಿ ಹೂಂ ಹೂಂ ಅಂತ ಹೂಂಗುಟ್ಟಬೇಕು. ಯಾವನ ಹೂಂ ಕೇಳಿಸಲಿಲ್ಲವೋ ಅವನ ಬಾಯಲ್ಲಿ ಶೇಂಗಾ ಇದೆ ಅಂತ ಅರ್ಥ. ಎಷ್ಟು ಕಥೆ ಕೇಳಿದ್ದೀವಿ ಅಂದರೆ ಲೆಕ್ಕ ಇಲ್ಲ. ರಾಜನ ಕಥೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಕಥೆ, ನಮ್ಮಪ್ಪ ಚಿಕ್ಕವನಿದ್ದಾಗ ಕುರಿ ಕಳೆದುಕೊಂಡು ಬಂದ ಕಥೆ, ನಾನು ಹುಟ್ಟಿದ ರಾತ್ರಿಯ ಕಥೆ.

ಹಾಗಾಗಿ ನನಗೆ ನೆನಪು ಬೇಕಾದಷ್ಟಿದೆ ಮೇಡಂ. ಈಗ ನನ್ನ ಮಗಳ ಜೊತೆ ಕೂರಲು ನನಗೆ ಸಮಯ ಇಲ್ಲ. ದುಡ್ಡಿದೆ.

ಪಾಠದ_ಮೇಡಂ

ಬೇಸರ ಏಕೆ? ನಾಳೆ ಕ್ಲಾಸಿನಲ್ಲಿ ಹೂಂಗುಟ್ಟುವ ಕಥೆ ಹೇಳುತ್ತೀನಿ, ನಿಮ್ಮ ಅಪ್ಪಣೆ ಇದ್ದರೆ. ನನ್ನ ಮಾತನ್ನು ಸ್ವಲ್ಪ ಹಿಂದೆ ತೆಗೆದುಕೊಳ್ಳುತ್ತೀನಿ. ಪೂರ್ತಿ ಅಲ್ಲ.

ಜಗಳೂರು_98

ಇಲ್ಲಿ ಎಲ್ಲರಿಗಿಂತ ಚಿಕ್ಕವನು ನಾನೇ ಇರಬೇಕು. ನನ್ನ ತಾರೀಖು ನಿಜವಾದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದೆ. ಶಾಲೆಯಲ್ಲಿ ಬಿಸಿಯೂಟ ಇತ್ತು, ನಮ್ಮ ಕಡೆಗೆ ಅದು ಬಂದದ್ದು 2003ರಲ್ಲಿ, ನಾನು ಸೇರುವ ಮೊದಲೇ. ಅಪ್ಪ ಅಮ್ಮ ಮಳೆ ಇಲ್ಲದ ವರ್ಷ ಮಲೆನಾಡಿಗೆ ಗುಳೆ ಹೋಗುತ್ತಿದ್ದರು, ಇಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನನ್ನನ್ನು ಕರೆದುಕೊಂಡು ಹೋಗದೆ ಬಿಟ್ಟದ್ದೇ ಆ ಊಟದ ಧೈರ್ಯದ ಮೇಲೆ. ಒಂದು ಹೊತ್ತು ಶಾಲೆ, ಒಂದು ಹೊತ್ತು ಅಜ್ಜಿ. ಬೇಸಿಗೆ ರಜೆ ಅಂದರೆ ನಿಮಗೆಲ್ಲ ಖುಷಿ. ನನಗೆ ರಜೆ ಅಂದರೆ ಮಧ್ಯಾಹ್ನ.

ನನ್ನ ಬಾಲ್ಯದ್ದು ಒಂದೇ ಫೋಟೋ ಇದೆ. ಚಿಕ್ಕಪ್ಪನ ಮದುವೆಯದು. ಎಲ್ಲರೂ ಹೊಸ ಬಟ್ಟೆಯಲ್ಲಿ, ನಾನು ಶಾಲೆ ಯೂನಿಫಾರ್ಮಿನಲ್ಲಿ. ನನ್ನ ಹೆಂಡತಿ ಆಗುವವಳು ಅದನ್ನು ನೋಡಿ "ಮದುವೆ ದಿನವೂ ಶಾಲೆಗೆ ಹೋಗಿದ್ರಾ? ಅಷ್ಟು ಓದೋ ಹುಚ್ಚಾ?" ಅಂದಳು. ಹೌದು ಅಂದುಬಿಟ್ಟೆ. ಇನ್ನೂ ನಿಜ ಹೇಳಿಲ್ಲ.

ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಿತು. ನಾನು ತುಳಿದದ್ದಕ್ಕಿಂತ ಅಪ್ಪ ತುಳಿದದ್ದೇ ಜಾಸ್ತಿ. ಈಗಲೂ ಓಡಾಡುತ್ತದೆ. ಬೈಕ್ ಕೊಡಿಸುತ್ತೀನಿ ಅಂದರೆ "ಇದು ನಮ್ಮ ಹುಡುಗನಿಗೆ ಸರ್ಕಾರ ಕೊಟ್ಟಿದ್ದು" ಅಂತಾರೆ, ಪದಕದ ಹಾಗೆ.

ಬೆಣ್ಣೆ_ಖಾಲಿ

ಯೂನಿಫಾರ್ಮ್ ಹಾಕಿಕೊಂಡು ಮದುವೆಗೆ ಹೋಗದವನು ನಮ್ಮ ಪೈಕಿ ಯಾರಿದ್ದಾರೆ ಮಾರಾಯ. ಹೇಳಿಬಿಡು ಅವಳಿಗೆ.

ಹಿರಿಯೂರು_ಕಡೆಯವ

ಹೇಳಬೇಡ ಅಂತ ನನ್ನ ಸಲಹೆ. ಹೇಳಿದರೆ ಅಯ್ಯೋ ಪಾಪ ಅಂತಾರೆ. ನನಗೆ ಅದೇ ಆಗುವುದಿಲ್ಲ. ಶಾಲೆಯಲ್ಲಿ ವಿದ್ಯಾರ್ಥಿವೇತನದವರು ಎದ್ದು ನಿಲ್ಲಿ ಅಂತಿದ್ದರಲ್ಲ, ಎದ್ದು ನಿಂತಾಗ ಉಳಿದವರು ನೋಡುತ್ತಿದ್ದ ನೋಟ, ಅಯ್ಯೋ ಪಾಪ ಅಂದರೆ ಅದೇ ನೋಟ. ದುಡ್ಡು ಬರುತ್ತಿದ್ದದ್ದು ಎಷ್ಟೋ, ಎದ್ದು ನಿಂತದ್ದೇ ಜಾಸ್ತಿ.

ಹಳೇ_ಮೇಷ್ಟ್ರು

ಎಲ್ಲವನ್ನೂ ಮೇಲಿನಿಂದ ಓದಿದೆ. ಎರಡು ದಿನ ಬರೆಯಲೋ ಬೇಡವೋ ಅಂತ ಯೋಚಿಸಿದೆ. ನೀವೆಲ್ಲ ಹೇಳುತ್ತಿರುವ ಆ ಜೂನ್ 1 ಬರೆದವನು ನಾನೇ. ಅಂದರೆ ನಿಮ್ಮದಲ್ಲ, ನನ್ನ ಶಾಲೆಯ ಮಕ್ಕಳದು. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದ್ದೀನಿ.

ಯಾಕೆ ಜೂನ್ 1 ಅಂತ ಕೇಳಿದರೆ ಶಾಲೆ ಶುರುವಾಗುವುದು ಆಗ, ವಯಸ್ಸಿನ ಲೆಕ್ಕವೂ ಆ ದಿನಕ್ಕೇ. ಮನೆ ಮನೆಗೆ ಹೋಗಿ ಮಕ್ಕಳನ್ನು ಹುಡುಕಿ ತರುತ್ತಿದ್ದೆವು. ತಾಯಿಗೆ ಯಾವಾಗ ಹುಟ್ಟಿದ್ದು ಅಂತ ಕೇಳಿದರೆ ಒಬ್ಬಳು ಎಮ್ಮೆ ಕರು ಹಾಕಿದ ವಾರ ಅನ್ನುತ್ತಿದ್ದಳು, ಇನ್ನೊಬ್ಬಳು ಶೇಂಗಾ ಕೀಳುವಾಗ ಅನ್ನುತ್ತಿದ್ದಳು. ಅವರಿಗೆ ಅದು ಸರಿಯಾದ ಉತ್ತರವೇ. ಆದರೆ ಪುಸ್ತಕದಲ್ಲಿ ಎಮ್ಮೆಗೆ ಕಾಲಂ ಇರಲಿಲ್ಲ. ಮುಂದೆ ಜನ ಸಾಲಾಗಿ ನಿಂತಿದ್ದಾರೆ, ಒಂದು ಪೆನ್ನು. ಜೂನ್ 1 ಅಂತ ಬರೆದು ಮುಂದಿನವರು ಬನ್ನಿ ಅನ್ನುತ್ತಿದ್ದೆ.

ಕೆಲವರಿಗೆ ಬೇಕಂತಲೇ ಒಂದು ವರ್ಷ ಕಡಿಮೆ ಬರೆದೆ. ಓದುವುದು ತಡವಾದರೂ ನೌಕರಿಗೆ ಅರ್ಜಿ ಹಾಕುವ ವಯಸ್ಸು ಮೀರಬಾರದು ಅಂತ. ಗಂಡುಮಕ್ಕಳಿಗೆ ಹಾಗೆ ಮಾಡಿದೆ. ಹೆಣ್ಣುಮಕ್ಕಳಿಗೆ ಆ ಯೋಚನೆ ಬರಲೇ ಇಲ್ಲ. ಸೇರಿದರೆ ಸಾಕು ಅಂತ ಜಾಸ್ತಿ ಬರೆದೂ ಸೇರಿಸಿಕೊಂಡಿದ್ದೀನಿ. ಕೋಟೆ_ಕೆಳಗಿನವಳು ತಾಯಿ ಬರೆದದ್ದನ್ನು ಓದಿದ ಮೇಲೆ ಆ ಮಕ್ಕಳನ್ನು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡೆ. ಮೂರು ನಾಲ್ಕು ಮುಖ ನೆನಪಿಗೆ ಬಂದವು.

ಹೆಸರೂ ಬದಲಾಯಿಸಿದ್ದೀನಿ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆ ಮೇಲೆ ಉರುಳಿಸಿ ತಿಪ್ಪ ಅಂತ, ಗುಂಡ ಅಂತ, ಕಲ್ಲ ಅಂತ ಹೆಸರಿಡುತ್ತಿದ್ದರು, ಯಮನಿಗೂ ಬೇಡ ಅನಿಸಲಿ ಅಂತ. ನಾನು ಅದನ್ನು ತಿದ್ದಿ ಚಂದದ ಹೆಸರು ಬರೆಯುತ್ತಿದ್ದೆ. ಒಬ್ಬ ತಾಯಿ ಮಾತ್ರ ಮಾರನೇ ದಿನ ಹುಡುಕಿಕೊಂಡು ಬಂದಳು. "ಆ ಹೆಸರು ತಗೀರಿ ಸಾರ್, ಕೂಸಿಗೆ ಏನಾದ್ರೂ ಆದ್ರೆ?" ಅಂದಳು. ಹೊಡೆದು ಹಾಕಿ ಮತ್ತೆ ತಿಪ್ಪ ಅಂತ ಬರೆದುಕೊಟ್ಟೆ. ಅವನು ಈಗ ಲಾರಿ ಇಟ್ಟಿದ್ದಾನೆ, ಲಾರಿ ಮೇಲೂ ಅದೇ ಹೆಸರು.

ಕೋಟೆ_ಕೆಳಗಿನವಳು

ಮೇಷ್ಟ್ರೇ, ನಿಮ್ಮನ್ನು ಬೈಯಬೇಕು ಅಂತ ಮೊಬೈಲ್ ಎತ್ತಿಕೊಂಡೆ. ಬೈಯಲು ಬರುತ್ತಿಲ್ಲ. ನೀವು ಬರೆದುಕೊಳ್ಳದಿದ್ದರೆ ನಾನು ಇದನ್ನು ಓದುತ್ತಲೂ ಇರಲಿಲ್ಲ. ಆದರೂ ಆ ಒಂದೂವರೆ ವರ್ಷ ನನ್ನದು. ಅಷ್ಟು ಹೇಳಿ ಇಡುತ್ತೀನಿ.

ಹಳೇ_ಮೇಷ್ಟ್ರು

ಹೌದು ತಾಯಿ. ನಿಮ್ಮದೇ.

ನಿವೃತ್ತ_ಗುಮಾಸ್ತ

ಒಂದು ಸೇರಿಸಬೇಕು. ವಯಸ್ಸು ತಪ್ಪಾಗಿ ಬರೆದದ್ದರ ಪೆಟ್ಟು ನಮಗಿಂತ ನಮ್ಮ ತಾಯಂದಿರಿಗೆ ಜಾಸ್ತಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಗುರುತಿನ ಚೀಟಿ ಮಾಡಿಸುವಾಗ ಯಾರೋ ಮುಖ ನೋಡಿ ಅಂದಾಜಿಗೆ ಬರೆದ ವಯಸ್ಸು ಅದು. ಬೆನ್ನು ಬಾಗಿ ಹಲ್ಲು ಬಿದ್ದವಳು ಬಂದು ನಿಲ್ಲುತ್ತಾಳೆ, ಕಾರ್ಡಿನಲ್ಲಿ 58. ನಾನು ಆ ಕಡೆ ಕುರ್ಚಿಯಲ್ಲಿ ಕೂತಿದ್ದವನು. "ಇನ್ನೂ ಏಳು ವರ್ಷ ಬಿಟ್ಟು ಬಾರಮ್ಮ" ಅಂತ ಎಷ್ಟು ಜನಕ್ಕೆ ಹೇಳಿದ್ದೀನೋ.

ಭಟ್ಟಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕೇಳಿದ್ದು ಒಂದು, ನೀವು ಕೊಟ್ಟದ್ದು ಹತ್ತು. ಶನಿವಾರ ಊರಿಗೆ ಹೋಗಿದ್ದೆ. ಅಕ್ಕನನ್ನೂ ಬರಹೇಳಿದ್ದೆ, ಇದನ್ನು ಇತ್ಯರ್ಥ ಮಾಡೋಣ ಅಂತ. ಭಟ್ಟಿಗೆ ಹೋಗುವುದನ್ನು ಅವ್ವ ಬಿಟ್ಟು ಆರು ವರ್ಷ ಆಯಿತು, ಆದರೆ ಕಾಲಿನ ಅಡಿ ಇನ್ನೂ ಕಣದ ನೆಲದ ಹಾಗೇ ಇದೆ. ಎಣ್ಣೆ ಹಚ್ಚುತ್ತಾ ಕೇಳಿದೆ, ಕಿವಿ ಮುಟ್ಟದೇ ಇದ್ದದ್ದು ಯಾರಿಗೆ ಅಂತ.

"ಮೂರೂ ಜನಕ್ಕೂ ಮುಟ್ಟಲಿಲ್ಲ" ಅಂದಳು. "ಮೂರೂ ಜನದ್ದೂ ಮೊಣಕೈ ಒತ್ತಿದೆ. ಐದು ತುಂಬೋ ತನಕ ಮನೇಲಿ ಇಟ್ಟುಕೊಂಡು ಕೂತಿದ್ದರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು? ಕಣದಲ್ಲಿ ಭತ್ತದ ಬಿಸಿಗೆ ಕೂಸಿನ ಕಾಲು ಸುಡ್ತಿದ್ದವು." ಅಕ್ಕ ಸುಮ್ಮನಾದಳು. ನಾನೂ ಸುಮ್ಮನಾದೆ. ಇಷ್ಟು ವರ್ಷ ಅವಳು ಇದನ್ನು ಒಂದು ಸಲವೂ ಹೇಳಿರಲಿಲ್ಲ, ಯಾಕಂದರೆ ನಾವು ಕೇಳಿರಲಿಲ್ಲ.

ಹುಟ್ಟಿದ ದಿನದ ಬಗ್ಗೆಯೂ ಕೇಳಿದೆ. ತಾರೀಖು ಗೊತ್ತಿಲ್ಲ. ಆದರೆ ಅಮಾವಾಸ್ಯೆ ಅಂತೆ. ಅಮಾವಾಸ್ಯೆಗೆ ಭಟ್ಟಿ ರಜೆ. "ನೀನು ಹುಟ್ಟಿದ್ದಕ್ಕೆ ಒಂದು ದಿನದ ಕೂಲಿಯೂ ಹೋಗಲಿಲ್ಲ, ಅಷ್ಟು ಶಾಣ್ಯಾ ನೀನು" ಅಂದಳು. ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ ಹೇಳಲಾರೆ.

ಆಗ ಅಕ್ಕ ಒಳಗಿನಿಂದ "ಅವ್ವಾ, ಅಮಾವಾಸ್ಯೆ ದಿನ ಹುಟ್ಟಿದ್ದು ನಾನಲ್ವಾ?" ಅಂದಳು.

ಬೆಣ್ಣೆ_ಖಾಲಿ

ಅಯ್ಯೋ ದೇವರೇ. ಅವ್ವ ಏನಂದರು?

ಭಟ್ಟಿ_ಹುಡುಗ

"ಎಣ್ಣೆ ಸರಿಯಾಗಿ ಹಚ್ಚು" ಅಂದಳು.

ಹಳೇ_ಮೇಷ್ಟ್ರು

ನನ್ನ ಹತ್ತಿರ ಹಳೇ ಪಂಚಾಂಗ ಇವೆ. ದುಗ್ಗಮ್ಮನ ಹಬ್ಬ ಆದ ಮೇಲಿನ ಅಮಾವಾಸ್ಯೆ ಯಾವತ್ತು ಅಂತ ಹುಡುಕಬಹುದು. ಎರಡೋ ಮೂರೋ ವರ್ಷದ್ದು ನೋಡಿದರೆ ಸಿಗುತ್ತದೆ. ಬೇಕಾದರೆ ತಾರೀಖು ಹೇಳುತ್ತೀನಿ.

ಭಟ್ಟಿ_ಹುಡುಗ

ಇರಲಿ ಮೇಷ್ಟ್ರೇ, ಸದ್ಯಕ್ಕೆ ಬೇಡ. ಮೊದಲು ಅಕ್ಕ ಒಪ್ಪಲಿ.